ಬ್ಯಾಕ್ಟೀರಿಯಾದ ಮೋಟರ್: ಯಾವುದು ತಿರುಗುತ್ತದೆ, ಯಾವುದು ನಿಂತಿರುತ್ತದೆ? (ಪದೇ ಪದೇ ಕೇಳುವ ಪ್ರಶ್ನೆಗಳು)

ಕಾಸರಗೋಡಿನ ಬದಿಯಡ್ಕದ ಕಡೆ ನಮ್ಮ ಮನೆಯ ಚಾವಡಿಯಲ್ಲಿ ಸಂಜೆ ಹೊತ್ತು ಪ್ಲಸ್ ವನ್, ಪ್ಲಸ್ ಟು (ಹನ್ನೊಂದು, ಹನ್ನೆರಡನೇ ಕ್ಲಾಸು) ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಇವರು. ಪ್ಲಸ್ ವನ್‌ಗೆ ಬಂದ ಕೂಡಲೇ ಪುಸ್ತಕ ಇಂಗ್ಲಿಷಾಗುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದ, ಅಂದರೆ ಫ್ಲಜೆಲ್ಲಂ ಬಗ್ಗೆ ಇರುವುದು ಇಷ್ಟೇ: ಫಿಲಮೆಂಟ್ (ಎಳೆ), ಹುಕ್ (ಕೊಕ್ಕೆ), ಬೇಸಲ್ ಬಾಡಿ (ಬುಡ) ಎಂಬ ಮೂರು ಭಾಗ. ಮಕ್ಕಳು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಆದರೆ ಆ ಮೂರನೇ ಭಾಗದೊಳಗೆ ಒಂದು ನಿಜವಾದ ಮೋಟರ್ ಇದೆ ಅಂತ ಹೇಳಿದ ದಿನ ಪ್ರಶ್ನೆಗಳು ನಿಲ್ಲುವುದೇ ಇಲ್ಲ. ಆ ಪ್ರಶ್ನೆಗಳನ್ನೂ, ಊರಿನವರು ಕೇಳಿದ ಕೆಲವನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಓದುವಾಗ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳಿ: ಪ್ರತಿಯೊಂದು ಭಾಗದ ಹೆಸರು ಬಂದಾಗಲೂ "ಇದು ತಿರುಗುವುದಾ, ನಿಂತಿರುವುದಾ?" ಅಂತ ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಕನ್ನಡದಲ್ಲಿ ಇದನ್ನು ಕಶಾಂಗ ಅನ್ನುತ್ತಾರೆ. ಕಶ ಎಂದರೆ ಚಾವಟಿ ಅಲ್ವಾ? ಹಾಗಾದರೆ ಚಾವಟಿಯ ಹಾಗೆ ಬೀಸುತ್ತದಾ?

ಇಲ್ಲ. ಹೆಸರೇ ದಾರಿ ತಪ್ಪಿಸುತ್ತದೆ. ಸಂಸ್ಕೃತದ ಕಶಾ ಅಂದರೂ ಚಾವಟಿ, ಲ್ಯಾಟಿನ್ನಿನ ಫ್ಲಜೆಲ್ಲಂ ಅಂದರೂ ಚಾವಟಿ. ಹೆಸರಿಟ್ಟವರಿಗೆ ಉದ್ದದ ಎಳೆ ಕಂಡಿತು, ಅದು ಹೇಗೆ ಚಲಿಸುತ್ತದೆ ಅನ್ನುವುದು ಕಾಣಲಿಲ್ಲ. ನಿಜದಲ್ಲಿ ಅದು ಬಾಟಲಿಯ ಬಿರಡೆ ತೆಗೆಯುವ ಸುರುಳಿ ತಂತಿಯ ಹಾಗೆ ಇದೆ, ಬುಡದಿಂದ ತುದಿಯವರೆಗೆ ಗಿರಗಿರ ತಿರುಗುತ್ತದೆ. ದೋಣಿಯ ಹಿಂದೆ ಇರುವ ಪ್ರೊಪೆಲ್ಲರ್ ಮನಸ್ಸಿಗೆ ತಂದುಕೊಳ್ಳಿ. ಎಳೆಗೆ ಸ್ವಂತ ಶಕ್ತಿ ಏನೂ ಇಲ್ಲ. ತಿರುಗಿಸುವುದೆಲ್ಲ ಬುಡದಲ್ಲಿರುವ ಮೋಟರ್.

ತಿರುಗುತ್ತದೆ ಅಂತ ಹೇಗೆ ಗೊತ್ತಾಯಿತು? ಯಾರಾದರೂ ಕಣ್ಣಾರೆ ನೋಡಿದ್ದಾರಾ?

ನನಗೆ ಅತಿ ಇಷ್ಟದ ಪ್ರಶ್ನೆ ಇದು. ಬ್ಯಾಕ್ಟೀರಿಯಾ ಈಜುವುದನ್ನು ಲೇವನ್‌ಹುಕ್ 1670ರ ದಶಕದಲ್ಲೇ ನೋಡಿದ್ದ. ಆದರೆ ಜೀವಿಗಳಲ್ಲಿ ಚಕ್ರದ ಹಾಗೆ ಸುತ್ತುವ ಭಾಗ ಇರಲು ಸಾಧ್ಯ ಅಂತ ಅದಾದ ಮುನ್ನೂರು ವರ್ಷಗಳವರೆಗೂ ಹೆಚ್ಚಿನವರು ನಂಬಲಿಲ್ಲ. 1973ರಲ್ಲಿ ಹೊವರ್ಡ್ ಬರ್ಗ್ ಮತ್ತು ರಾಬರ್ಟ್ ಆಂಡರ್ಸನ್, ಆವರೆಗೆ ಸಿಕ್ಕಿದ್ದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು, ಎಳೆ ತಿರುಗಲೇಬೇಕು ಅಂತ ವಾದಿಸಿದರು. ಮರುವರ್ಷ ಮೈಕೆಲ್ ಸಿಲ್ವರ್‌ಮನ್ ಮತ್ತು ಮೆಲ್ವಿನ್ ಸೈಮನ್ ಅದನ್ನು ತೋರಿಸಿಯೇ ಬಿಟ್ಟರು.

ಅವರು ಮಾಡಿದ್ದು ಎಷ್ಟು ಸರಳ ನೋಡಿ. ಎಳೆ ಕಣ್ಣಿಗೆ ಕಾಣುವುದಿಲ್ಲ, ದೇಹ ಕಾಣುತ್ತದೆ. ಹಾಗಾಗಿ ಬ್ಯಾಕ್ಟೀರಿಯಾದ ಕಶಾಂಗವನ್ನು ಆಂಟಿಬಾಡಿ ಬಳಸಿ ಗಾಜಿಗೆ ಅಂಟಿಸಿದರು. ಎಳೆ ಅಲ್ಲಾಡುವಂತಿಲ್ಲ. ಮೋಟರ್ ಮಾತ್ರ ಓಡುತ್ತಿದೆ. ಆಗ ಏನಾಗಬೇಕು? ಇಡೀ ದೇಹವೇ ಸುತ್ತಬೇಕು. ಹಾಗೆಯೇ ಆಯಿತು. ಸಾಧಾರಣ ಮೈಕ್ರೋಸ್ಕೋಪಿನ ಕೆಳಗೆ ಬ್ಯಾಕ್ಟೀರಿಯಾಗಳು ಒಂದೇ ಜಾಗದಲ್ಲಿ ಗಡಿಯಾರದ ಮುಳ್ಳಿನ ಹಾಗೆ ಸುತ್ತಿದವು, ಮಧ್ಯೆ ನಿಂತು ಹಿಂದಕ್ಕೂ ಸುತ್ತಿದವು. ಫ್ಯಾನಿನ ರೆಕ್ಕೆಯನ್ನು ಗಟ್ಟಿ ಹಿಡಿದರೆ ಮೋಟರಿನ ಮೈ ತಿರುಗಲು ನೋಡುತ್ತದಲ್ಲ, ಅದೇ ಲೆಕ್ಕ.

ಇದು ಎಷ್ಟು ಸಣ್ಣದು?

ನಮ್ಮ ಕರುಳಿನಲ್ಲಿರುವ ಇ ಕೋಲಿಯ ದೇಹ ಸುಮಾರು 2 ಮೈಕ್ರೋಮೀಟರ್ ಉದ್ದ. ಅಂದರೆ ಒಂದು ಮಿಲಿಮೀಟರಿನಲ್ಲಿ ಐನೂರನ್ನು ಸಾಲಾಗಿ ಇಡಬಹುದು. ಎಳೆ ದೇಹಕ್ಕಿಂತ ಉದ್ದ, 10 ಮೈಕ್ರೋಮೀಟರಿನವರೆಗೂ ಬೆಳೆಯುತ್ತದೆ, ಆದರೆ ದಪ್ಪ ಬರೀ 20 ನ್ಯಾನೋಮೀಟರ್. ಮೋಟರಿನ ಅತಿ ಅಗಲದ ಉಂಗುರ ಸುಮಾರು 45 ನ್ಯಾನೋಮೀಟರ್. ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲೇ ನ್ಯಾನೋಮೀಟರ್. ಇ ಕೋಲಿಗೆ ಇಂಥ ಮೋಟರುಗಳು ನಾಲ್ಕರ ಆಸುಪಾಸು ಇರುತ್ತವೆ, ಮೈಯ ಎಲ್ಲೆಂದರಲ್ಲಿ.

ಈ ಪ್ರೋಟೀನ್ ಹೆಸರುಗಳು ಯಾಕೆ ಹೀಗೆ? ನೆನಪೇ ಉಳಿಯುವುದಿಲ್ಲ ಟೀಚರೇ.

ಹೆಸರುಗಳು ಜೀನಿನಿಂದ ಬಂದವು. ಬರೆಯುವಾಗ ಎಫ್-ಎಲ್-ಐ, ಎಫ್-ಎಲ್-ಜಿ, ಎಫ್-ಎಲ್-ಎಚ್ ಅಂತ ಮೂರು ಅಕ್ಷರ, ಆಮೇಲೆ ಒಂದು ದೊಡ್ಡ ಅಕ್ಷರ. ಓದುವಾಗ ನಾನು ಫ್ಲಿ, ಫ್ಲಗ್, ಫ್ಲಹ್ ಅನ್ನುತ್ತೇನೆ. ಫ್ಲಿ-ಜಿ, ಫ್ಲಗ್-ಇ, ಫ್ಲಹ್-ಎ ಹೀಗೆ. ತಿರುಗುವ ಶಕ್ತಿ ಕೊಡುವವಕ್ಕೆ ಮಾಟ್-ಎ, ಮಾಟ್-ಬಿ. ಮಾಟ್ ಅಂದರೆ ಚಲನೆ. ವಾಸನೆ ಹಿಡಿಯುವ ಕಡೆಯವಕ್ಕೆ ಷೀ-ಎ, ಷೀ-ವೈ ಅಂತ ನಾನು ಕರೆಯುವುದು, ಬರೆಯುವಾಗ ಸಿ-ಎಚ್-ಇ. ಕಶಾಂಗ ಕಟ್ಟಿ ನಡೆಸಲು ಐವತ್ತಕ್ಕೂ ಜಾಸ್ತಿ ಜೀನುಗಳು ಬೇಕು. ಕಟ್ಟಿ ಮುಗಿದ ಯಂತ್ರದಲ್ಲಿ ಉಳಿಯುವುದು ಅದರ ಅರ್ಧದಷ್ಟು ಬಗೆಯ ಪ್ರೋಟೀನುಗಳು. ಎಲ್ಲವನ್ನೂ ಬಾಯಿಪಾಠ ಮಾಡಬೇಡಿ. ಹತ್ತು ಹೆಸರು ಗೊತ್ತಿದ್ದರೆ ಕಥೆ ಪೂರ್ತಿ ಅರ್ಥವಾಗುತ್ತದೆ.

ಸರಿ, ಒಳಗಿನಿಂದ ಹೊರಗೆ ಒಂದೊಂದೇ ಭಾಗ ಹೇಳಿ.

ಮೊದಲು ಕೋಶದ ಒಳಗೆ ನಿಂತುಕೊಳ್ಳಿ. ತಲೆಯ ಮೇಲೆ ಒಳಪೊರೆ, ಅದರ ಮೇಲೆ ಪೆಪ್ಟಿಡೋಗ್ಲೈಕಾನ್ ಎಂಬ ಗಟ್ಟಿ ಬಲೆಯ ಗೋಡೆ, ಅದರ ಮೇಲೆ ಹೊರಪೊರೆ. ಇ ಕೋಲಿ, ಸಾಲ್ಮೊನೆಲ್ಲದಂಥ ಗ್ರಾಂ ನೆಗೆಟಿವ್, ಅಂದರೆ ಹೀಗೆ ಎರಡು ಪೊರೆ ಇರುವ ಬ್ಯಾಕ್ಟೀರಿಯಾದ ವಿಷಯ ಹೇಳುತ್ತಿದ್ದೇನೆ.

ಒಳಪೊರೆಯ ಕೆಳಗೆ, ಕೋಶದ ದ್ರವದಲ್ಲಿ, ಬೋಗುಣಿಯ ಹಾಗೆ ಒಂದು ದೊಡ್ಡ ಉಂಗುರ ತೂಗಾಡುತ್ತದೆ. ಅದು ಸಿ ಉಂಗುರ. ಫ್ಲಿ-ಜಿ, ಫ್ಲಿ-ಎಂ, ಫ್ಲಿ-ಎನ್ ಎಂಬ ಮೂರು ಪ್ರೋಟೀನುಗಳಿಂದ ಆದದ್ದು. ಫ್ಲಿ-ಜಿ ಸುಮಾರು 34, ಫ್ಲಿ-ಎಂ ಅಷ್ಟೇ, ಫ್ಲಿ-ಎನ್ ಅದರ ಮೂರು ಪಟ್ಟು. ಇದು ತಿರುಗುತ್ತದೆ. ಗೇರಿನ ಹಲ್ಲುಗಳು ಫ್ಲಿ-ಜಿ. ಮುಂದಕ್ಕಾ, ಹಿಂದಕ್ಕಾ ಎಂದು ತೀರ್ಮಾನ ಆಗುವುದೂ ಈ ಉಂಗುರದಲ್ಲೇ.

ಅದಕ್ಕೆ ಅಂಟಿಕೊಂಡು ಒಳಪೊರೆಯಲ್ಲಿ ಎಂಎಸ್ ಉಂಗುರ ಇದೆ. ಫ್ಲಿ-ಎಫ್ ಎಂಬ ಒಂದೇ ಪ್ರೋಟೀನಿನ 34 ಪ್ರತಿಗಳು. ಮೊದಲು ಇದನ್ನು ಎರಡು ಬೇರೆ ಉಂಗುರ ಅಂದುಕೊಂಡಿದ್ದರು, ಅದಕ್ಕೇ ಎರಡಕ್ಷರದ ಹೆಸರು ಉಳಿದಿದೆ. ಪೂರ್ತಿ ಯಂತ್ರಕ್ಕೆ ಇದೇ ಪಂಚಾಂಗ, ಕಟ್ಟುವುದು ಶುರುವಾಗುವುದು ಇಲ್ಲಿಂದಲೇ. ಇದೂ ತಿರುಗುತ್ತದೆ.

ಅದರ ನಡುವಿನಿಂದ ಮೇಲಕ್ಕೆ ಒಂದು ಸರಳು ಏಳುತ್ತದೆ, ಗೋಡೆಯನ್ನೂ ಹೊರಪೊರೆಯನ್ನೂ ದಾಟಿ ಹೊರಗೆ ಹೋಗುತ್ತದೆ. ಫ್ಲಿ-ಇ, ಫ್ಲಗ್-ಬಿ, ಫ್ಲಗ್-ಸಿ, ಫ್ಲಗ್-ಎಫ್, ಫ್ಲಗ್-ಜಿ ಸೇರಿ ಆದ ಸರಳು. ತಿರುಗುತ್ತದೆ. ಇದೇ ಶಾಫ್ಟ್.

ಶಾಫ್ಟ್ ಗೋಡೆ ದಾಟುವಲ್ಲಿ ಬುಶ್ ಬೇಡವಾ? ಇದೆ. ಗೋಡೆಯ ಮಟ್ಟದಲ್ಲಿ ಪಿ ಉಂಗುರ, ಅದು ಫ್ಲಗ್-ಐ. ಹೊರಪೊರೆಯ ಮಟ್ಟದಲ್ಲಿ ಎಲ್ ಉಂಗುರ, ಅದು ಫ್ಲಗ್-ಎಚ್. ಎರಡರಲ್ಲೂ 26 ಪ್ರತಿಗಳು. ಇವು ತಿರುಗುವುದಿಲ್ಲ. ಒಳಗಿನ ಮೈ ತುಂಬ ನುಣುಪು, ಸರಳನ್ನು ಬಿಗಿಯಾಗಿ ಸುತ್ತುವರಿದಿದ್ದರೂ ಹಿಡಿದು ನಿಲ್ಲಿಸುವುದಿಲ್ಲ. ಪಂಪಿನ ಬುಶ್ ಸವೆದು ಕಿರಗುಟ್ಟುವ ಸದ್ದು ಕೇಳಿದವರಿಗೆ ಇದರ ಬೆಲೆ ಗೊತ್ತು. ಇಲ್ಲಿ ಗ್ರೀಸೂ ಇಲ್ಲ, ಸದ್ದೂ ಇಲ್ಲ.

ಹೊರಗೆ ಬಂದ ಕೂಡಲೇ ಕೊಕ್ಕೆ. ಫ್ಲಗ್-ಇ ಪ್ರೋಟೀನಿನ ನೂರಿಪ್ಪತ್ತರಷ್ಟು ಪ್ರತಿಗಳು, ಉದ್ದ ಸುಮಾರು 55 ನ್ಯಾನೋಮೀಟರ್. ಸರಳು ಗಟ್ಟಿ, ಕೊಕ್ಕೆ ಬಾಗುತ್ತದೆ, ಬಾಗಿಕೊಂಡೇ ತಿರುಗುತ್ತದೆ. ಜೀಪಿನ ಅಡಿಯಲ್ಲಿ ಪ್ರೊಪೆಲ್ಲರ್ ಶಾಫ್ಟಿಗೆ ಯೂನಿವರ್ಸಲ್ ಜಾಯಿಂಟ್ ಹಾಕುತ್ತಾರಲ್ಲ, ಕೆಲಸ ಅದೇ. ಮೈಯ ಎಲ್ಲೆಲ್ಲೋ ಇರುವ ನಾಲ್ಕು ಎಳೆಗಳು ಬಾಗಿ ಹಿಂದಕ್ಕೆ ಬಂದು ಒಂದೇ ಕಟ್ಟಾಗಿ ಸುತ್ತಲು ಸಾಧ್ಯವಾಗುವುದು ಈ ಕೊಕ್ಕೆಯಿಂದ.

ಕೊಕ್ಕೆಗೂ ಎಳೆಗೂ ನಡುವೆ ಫ್ಲಗ್-ಕೆ, ಫ್ಲಗ್-ಎಲ್ ಎಂಬ ಎರಡು ಬೆಸುಗೆಗಳು. ಆಮೇಲೆ ಎಳೆ, ಅದು ಫ್ಲಜೆಲ್ಲಿನ್ ಎಂಬ ಪ್ರೋಟೀನಿನಿಂದ ಆದದ್ದು, ಆ ಪ್ರೋಟೀನಿನ ಇನ್ನೊಂದು ಹೆಸರು ಫ್ಲಿ-ಸಿ. ಒಂದು ಎಳೆಯಲ್ಲಿ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಫ್ಲಜೆಲ್ಲಿನ್‌ಗಳು, 11 ಸಾಲುಗಳಾಗಿ ಹೆಣೆದು, ನಡುವೆ 2 ನ್ಯಾನೋಮೀಟರಿನ ಟೊಳ್ಳು ಉಳಿಸಿಕೊಂಡು ಕೂತಿರುತ್ತವೆ. ತುದಿಯಲ್ಲಿ ಫ್ಲಿ-ಡಿ ಎಂಬ ಟೋಪಿ. ಇವೆಲ್ಲ ತಿರುಗುತ್ತವೆ.

ಇಷ್ಟರಲ್ಲಿ ಶಕ್ತಿ ಕೊಡುವವರು ಬರಲೇ ಇಲ್ಲ!

ಬೇಕೆಂದೇ ಬಿಟ್ಟೆ, ಅವರಿಗೆ ಪ್ರತ್ಯೇಕ ಜಾಗ ಬೇಕು. ತೋಟದ ಪಂಪನ್ನು ಬಿಚ್ಚಿ ನೋಡಿದವರಿಗೆ ಗೊತ್ತು: ಹೊರಗೆ ಕದಲದ ಸ್ಟೇಟರ್, ಒಳಗೆ ತಿರುಗುವ ರೋಟರ್. ಬ್ಯಾಕ್ಟೀರಿಯಾದಲ್ಲೂ ಹಾಗೆಯೇ, ಆದರೆ ಸ್ಟೇಟರ್ ಒಂದೇ ತುಂಡು ಅಲ್ಲ. ಸಿ ಉಂಗುರದ ಅಂಚಿನ ಸುತ್ತ, ಒಳಪೊರೆಯಲ್ಲಿ, 11ರ ಆಸುಪಾಸು ಸಣ್ಣ ಸಣ್ಣ ಘಟಕಗಳು ಕೂತಿರುತ್ತವೆ. ಪ್ರತಿಯೊಂದರಲ್ಲೂ ಮಾಟ್-ಎ ಐದು, ಮಾಟ್-ಬಿ ಎರಡು.

ಬಹಳ ವರ್ಷ ಪುಸ್ತಕಗಳಲ್ಲಿ ಮಾಟ್-ಎ ನಾಲ್ಕು ಅಂತಲೇ ಇತ್ತು. 2020ರಲ್ಲಿ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಿಂದ ತೆಗೆದ ಚಿತ್ರಗಳಲ್ಲಿ ಐದು ಕಂಡಿತು. ಒಂದು ಜಾಸ್ತಿ ಆದರೆ ಏನಂತೆ ಅನ್ನಿಸಬಹುದು. ನಾಲ್ಕಾದರೆ ಎರಡರ ಸುತ್ತ ಸಮ ಕೂರುತ್ತದೆ. ಐದು ಎರಡರ ಸುತ್ತ ಸಮ ಕೂರುವುದೇ ಇಲ್ಲ, ಯಾವಾಗಲೂ ಒಂದು ಕಡೆ ಹೊಂದದೆ ಉಳಿಯುತ್ತದೆ. ಆ ಹೊಂದದ ಜಾಗ ಒಂದೊಂದೇ ಹೆಜ್ಜೆ ಮುಂದೆ ಸರಿಯುತ್ತ ಹೋದರೆ, ಐದರ ಉಂಗುರ ಎರಡರ ಸುತ್ತ ತಿರುಗಿದ ಹಾಗಾಗುತ್ತದೆ. ಹೀಗೆ ಒಂದು ಹೊಸ ವಿವರಣೆ ಬಂತು, ಈಗ ಹೆಚ್ಚಿನವರು ಒಪ್ಪುವುದೂ ಅದನ್ನೇ: ನಾವು "ನಿಂತಿರುವುದು" ಅಂತ ಕರೆಯುತ್ತಿದ್ದ ಸ್ಟೇಟರಿನೊಳಗೇ ಒಂದು ಪುಟ್ಟ ಚಕ್ರ ಇದೆ. ಮಾಟ್-ಎ ಪುಟ್ಟ ಗೇರು, ಸಿ ಉಂಗುರ ದೊಡ್ಡ ಗೇರು. ಪುಟ್ಟದು ಸುತ್ತಿ ದೊಡ್ಡದನ್ನು ಸುತ್ತಿಸುತ್ತದೆ.

ಹಾಗಾದರೆ ನಿಜವಾಗಿ ನಿಂತಿರುವವರು ಯಾರು? ಮಾಟ್-ಬಿ. ಅದರ ಒಂದು ತುದಿ ಮೇಲಕ್ಕೆ ಚಾಚಿ ಪೆಪ್ಟಿಡೋಗ್ಲೈಕಾನ್ ಗೋಡೆಯನ್ನು ಹಿಡಿದುಕೊಂಡಿರುತ್ತದೆ. ಪಂಪನ್ನು ಕಾಂಕ್ರೀಟಿಗೆ ಬೋಲ್ಟ್ ಹಾಕಿ ಕೂರಿಸದಿದ್ದರೆ ಪಂಪೇ ಕುಣಿಯುತ್ತದೆ. ಇಲ್ಲಿ ಬೋಲ್ಟು ಮಾಟ್-ಬಿ. ಇನ್ನೂ ಒಂದು ಚಂದದ ವಿಷಯ: ಗೋಡೆಯನ್ನು ಹಿಡಿಯುವವರೆಗೆ ಮಾಟ್-ಬಿಯ ಒಂದು ಭಾಗ ಬಿರಡೆಯಾಗಿ ದಾರಿಯನ್ನು ಮುಚ್ಚಿರುತ್ತದೆ. ಹಿಡಿದ ಮೇಲೆ ಮಾತ್ರ ತೆರೆಯುತ್ತದೆ. ಕೆಲಸಕ್ಕೆ ಸೇರದ ಘಟಕದಿಂದ ಶಕ್ತಿ ಸುಮ್ನೆ ಸೋರಿ ಹೋಗುವುದಿಲ್ಲ.

ಈ ಘಟಕಗಳು ಖಾಯಂ ಕೂರುವುದೂ ಇಲ್ಲ. ಬರುತ್ತವೆ, ಹೋಗುತ್ತವೆ, ಮೋಟರ್ ಓಡುತ್ತಿರುವಾಗಲೇ. ಎಳೆಗೆ ಭಾರ ಜಾಸ್ತಿಯಾದರೆ ಇನ್ನಷ್ಟು ಘಟಕಗಳು ಬಂದು ಸೇರುತ್ತವೆ, ಭಾರ ಇಳಿದರೆ ಬಿಟ್ಟು ಹೋಗುತ್ತವೆ. ರಥ ಏರಿನಲ್ಲಿ ನಿಂತಾಗ ಹಗ್ಗಕ್ಕೆ ಕೈ ಕೊಡುವವರು ಜಾಸ್ತಿಯಾಗುವ ಹಾಗೆ.

ಕರೆಂಟ್ ಎಲ್ಲಿಂದ? ಎಟಿಪಿಯಾ?

ಪರೀಕ್ಷೆಯಲ್ಲಿ ಅತಿ ಜಾಸ್ತಿ ತಪ್ಪುವುದು ಇಲ್ಲಿ. ಕೋಶದ ಹೆಚ್ಚಿನ ಕೆಲಸಗಳಿಗೆ ಶಕ್ತಿ ಕೊಡುವ ಅಣು ಎಟಿಪಿ, ಆದರೆ ತಿರುಗಲು ಅದು ಬೇಡ. ಬ್ಯಾಕ್ಟೀರಿಯಾ ಉಸಿರಾಟದಲ್ಲಿ ಪ್ರೋಟಾನ್‌ಗಳನ್ನು ಹೊರಗೆ ತಳ್ಳುತ್ತದೆ. ಹೊರಗೆ ಜಾಸ್ತಿ, ಒಳಗೆ ಕಮ್ಮಿ. ಪೊರೆಯ ಎರಡು ಬದಿಗಳ ನಡುವೆ ಸುಮಾರು 150 ಮಿಲಿವೋಲ್ಟ್ ವ್ಯತ್ಯಾಸ. ಮೇಲಿನ ಕೆರೆಯ ನೀರು ಕೆಳಗಿನ ಗದ್ದೆಗೆ ಹರಿಯುವಂತೆ ಪ್ರೋಟಾನ್‌ಗಳು ಮಾಟ್ ಘಟಕದ ಮೂಲಕ ಒಳಗೆ ಬರುತ್ತವೆ. ದಾರಿಯಲ್ಲಿ ಮಾಟ್-ಬಿಯ 32ನೇ ಅಮೈನೋ ಆಮ್ಲವಾದ ಆಸ್ಪಾರ್ಟಿಕ್ ಆಮ್ಲದ ಮೇಲೆ ಒಂದು ಕ್ಷಣ ಕೂತು ಇಳಿಯುತ್ತವೆ. ಆ ಒಂದು ಆಮ್ಲವನ್ನು ಬದಲಿಸಿದರೆ ಮೋಟರ್ ಸತ್ತೇ ಹೋಗುತ್ತದೆ. ಒಂದು ಸುತ್ತಿಗೆ ಸಾವಿರದ ಆಸುಪಾಸು ಪ್ರೋಟಾನ್ ಬೇಕು.

ಸಮುದ್ರದ ವಿಬ್ರಿಯೊ ಜಾತಿಯವು ಪ್ರೋಟಾನಿನ ಬದಲು ಸೋಡಿಯಂ ಬಳಸುತ್ತವೆ. ಕುಂಬಳೆಯಲ್ಲೋ ಉಪ್ಪಳದಲ್ಲೋ ಕಡಲಿಗೆ ಇಳಿದವರಿಗೆ ಗೊತ್ತಲ್ಲ, ಅಲ್ಲಿ ಉಪ್ಪಿಗೇನು ಬರ. ಅವುಗಳಲ್ಲಿ ಮಾಟ್-ಎ, ಮಾಟ್-ಬಿ ಬದಲು ಪಾಮ್-ಎ, ಪಾಮ್-ಬಿ.

ಎಷ್ಟು ವೇಗ?

ಈಜುವ ಇ ಕೋಲಿಯ ಎಳೆ ಸೆಕೆಂಡಿಗೆ 100ರಷ್ಟು ಸುತ್ತು. ಭಾರ ತೀರ ಕಮ್ಮಿ ಇದ್ದರೆ ಮೋಟರ್ 300ರವರೆಗೂ ಹೋಗುತ್ತದೆ, ಅಂದರೆ ನಿಮಿಷಕ್ಕೆ 18,000. ನಿಮ್ಮ ತೋಟದ ಪಂಪಿನ ತಗಡಿನ ಮೇಲೆ 2880 ಆರ್‌ಪಿಎಂ ಅಂತ ಬರೆದಿರುತ್ತದೆ, ಹೋಗಿ ನೋಡಿ. 1994ರಲ್ಲಿ ಜಪಾನಿನ ವಿಜ್ಞಾನಿಗಳು ಸೋಡಿಯಂನಲ್ಲಿ ಓಡುವ ವಿಬ್ರಿಯೊ ಅಲ್ಜಿನೊಲಿಟಿಕಸ್‌ನಲ್ಲಿ ಸೆಕೆಂಡಿಗೆ 1700 ಸುತ್ತು ಅಳೆದರು. ನಿಮಿಷಕ್ಕೆ ಒಂದು ಲಕ್ಷ ದಾಟಿತು.

ಇಷ್ಟು ವೇಗದಲ್ಲಿ ಓಡುವುದು ಹಿಂದಕ್ಕೆ ಹೇಗೆ ತಿರುಗುತ್ತದೆ? ಪ್ರೋಟಾನ್ ಹೊರಗೆ ಹರಿಯುತ್ತದಾ?

ಪ್ರೋಟಾನ್ ಯಾವಾಗಲೂ ಒಳಗೇ ಹರಿಯುವುದು. ಪುಟ್ಟ ಗೇರು ಮಾಟ್-ಎ ಕೂಡ ಯಾವಾಗಲೂ ಒಂದೇ ದಿಕ್ಕಿಗೆ ಸುತ್ತುವುದು, ಹೊರಗಿನಿಂದ ನೋಡಿದರೆ ಪ್ರದಕ್ಷಿಣೆ. ಬದಲಾಗುವುದು ಸಿ ಉಂಗುರದ ಆಕಾರ. ಉಂಗುರ ಕುಗ್ಗಿದ್ದಾಗ ಪುಟ್ಟ ಗೇರುಗಳು ಅದರ ಹೊರ ಅಂಚನ್ನು ತಾಗುತ್ತವೆ. ಆಗ ಉಂಗುರ ವಿರುದ್ಧ ದಿಕ್ಕಿಗೆ, ಅಂದರೆ ಅಪ್ರದಕ್ಷಿಣೆಯಾಗಿ ತಿರುಗುತ್ತದೆ. ಉಂಗುರ ಅರಳಿ ಫ್ಲಿ-ಜಿಗಳು ಹೊರಕ್ಕೆ ಸರಿದರೆ ಅದೇ ಗೇರುಗಳು ಒಳ ಅಂಚನ್ನು ತಾಗುತ್ತವೆ. ಆಗ ಉಂಗುರವೂ ಅವುಗಳ ದಿಕ್ಕಿಗೇ, ಪ್ರದಕ್ಷಿಣೆಯಾಗಿ ತಿರುಗುತ್ತದೆ. ಮೋಟರನ್ನು ನಿಲ್ಲಿಸುವುದಿಲ್ಲ, ಕರೆಂಟಿನ ದಿಕ್ಕನ್ನು ಬದಲಿಸುವುದಿಲ್ಲ. ಗೇರು ತಾಗುವ ಜಾಗ ಬದಲಿಸಿದರೆ ಮುಗಿಯಿತು. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾವಾಗ ಬದಲಿಸಬೇಕು ಅಂತ ಯಾರು ಹೇಳುತ್ತಾರೆ?

ಷೀ-ವೈ ಎಂಬ ಸಣ್ಣ ಪ್ರೋಟೀನ್. ಕೋಶದ ಮೂತಿಯ ಕಡೆ ವಾಸನೆ ಹಿಡಿಯುವ ಗ್ರಾಹಕಗಳಿವೆ. ಆಹಾರ ಕಮ್ಮಿಯಾಗುತ್ತಿದೆ ಅನ್ನಿಸಿದರೆ ಅವು ಷೀ-ಎ ಎಂಬ ಕಿಣ್ವವನ್ನು ಎಚ್ಚರಿಸುತ್ತವೆ, ಷೀ-ಎ ಒಂದು ಫಾಸ್ಫೇಟನ್ನು ಷೀ-ವೈಗೆ ದಾಟಿಸುತ್ತದೆ, ಷೀ-ವೈ ಆ ಫಾಸ್ಫೇಟ್ ಹೊತ್ತು ಕೋಶದೊಳಗೆ ಅಲೆಯುತ್ತ ಬಂದು ಸಿ ಉಂಗುರದ ಫ್ಲಿ-ಎಂ, ಫ್ಲಿ-ಎನ್‌ಗಳಿಗೆ ಅಂಟಿಕೊಳ್ಳುತ್ತದೆ. ಉಂಗುರ ಅರಳುತ್ತದೆ. ಷೀ-ಝೆಡ್ ಎಂಬುದು ಆ ಫಾಸ್ಫೇಟನ್ನು ಕಿತ್ತುಹಾಕಿ ಮತ್ತೆ ಮೊದಲಿನ ಸ್ಥಿತಿಗೆ ತರುತ್ತದೆ.

ಅಪ್ರದಕ್ಷಿಣೆಯಾದರೆ ನಾಲ್ಕೂ ಎಳೆಗಳು ಜಡೆಯ ಹಾಗೆ ಒಂದಾಗಿ ಬ್ಯಾಕ್ಟೀರಿಯಾ ನೇರ ಓಡುತ್ತದೆ, ಸುಮಾರು ಒಂದು ಸೆಕೆಂಡು. ಪ್ರದಕ್ಷಿಣೆಯಾದರೆ ಜಡೆ ಬಿಚ್ಚುತ್ತದೆ, ಬ್ಯಾಕ್ಟೀರಿಯಾ ಸೆಕೆಂಡಿನ ಹತ್ತನೇ ಒಂದು ಪಾಲು ಹೊತ್ತು ಪಲ್ಟಿ ಹೊಡೆದು ಹೊಸ ದಿಕ್ಕಿಗೆ ಮುಖ ಮಾಡುತ್ತದೆ. 1972ರಲ್ಲಿ ಬರ್ಗ್ ಮತ್ತು ಡಗ್ಲಸ್ ಬ್ರೌನ್ ಒಂದೊಂದೇ ಬ್ಯಾಕ್ಟೀರಿಯಾವನ್ನು ಬೆನ್ನಟ್ಟುವ ಮೈಕ್ರೋಸ್ಕೋಪ್ ಬಳಸಿ ಇದನ್ನು ಅಳೆದರು. ದಾರಿ ಚೆನ್ನಾಗಿದ್ದರೆ ಪಲ್ಟಿ ಕಮ್ಮಿ ಮಾಡುವುದು, ಅಷ್ಟೇ ಅದರ ಉಪಾಯ. ಅಷ್ಟರಿಂದಲೇ ಆಹಾರದ ಬಳಿ ಮುಟ್ಟುತ್ತದೆ.

ಮೀನಿನ ಹಾಗೆ ಬಾಲ ಬೀಸಿ ಈಜಬಾರದಾ? ಇಷ್ಟು ಕಷ್ಟ ಯಾಕೆ?

ಅಷ್ಟು ಸಣ್ಣ ಜೀವಿಗೆ ನೀರು ನೀರಿನ ಹಾಗಿರುವುದಿಲ್ಲ. ಜೋನಿಬೆಲ್ಲದ ಡಬ್ಬಿಯಲ್ಲಿ ಇರುವೆ ಸಿಕ್ಕಿದ್ದು ನೋಡಿದ್ದೀರಾ? ಹಾಗೆ. ಅಲ್ಲಿ ಒಂದು ಸಲ ತಳ್ಳಿ ತೇಲಿಕೊಂಡು ಮುಂದೆ ಹೋಗುವ ಮಾತೇ ಇಲ್ಲ. ಮೋಟರ್ ನಿಂತರೆ ಬ್ಯಾಕ್ಟೀರಿಯಾ ಒಂದು ಅಣುವಿನ ಅಗಲಕ್ಕಿಂತ ಕಮ್ಮಿ ದೂರದಲ್ಲಿ ನಿಂತುಬಿಡುತ್ತದೆ. ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1976ರ ಒಂದು ಭಾಷಣದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಒಂದೇ ಚಲನೆಯನ್ನು ಅತ್ತ ಇತ್ತ ಮಾಡಿದರೆ, ಅತ್ತ ಹೋದದ್ದು ಇತ್ತ ಬರುವಾಗ ವಾಪಸ್ ಬರುತ್ತದೆ, ನಿಂತಲ್ಲೇ ನಿಂತ ಹಾಗೆ. ಸುರುಳಿಯನ್ನು ಒಂದೇ ದಿಕ್ಕಿಗೆ ತಿರುಗಿಸಿದರೆ ಮರಕ್ಕೆ ಸ್ಕ್ರೂ ಇಳಿದ ಹಾಗೆ ಮುಂದೆ ಹೋಗಬಹುದು.

ಕೋಶದ ಹೊರಗೆ ಇಷ್ಟು ಉದ್ದದ ಎಳೆಯನ್ನು ಕಟ್ಟುವವರು ಯಾರು?

ಪೆರ್ಲ, ಬಾಯಾರು ಕಡೆಯ ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು) ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಸುರಂಗದಲ್ಲಿ ಒಬ್ಬರು ತುದಿಯಲ್ಲಿ ಅಗೆಯುತ್ತಾರೆ, ಅಗೆದ ಮಣ್ಣು ಅದೇ ಸುರಂಗದ ಮೂಲಕ ಹೊರಗೆ ಬರುತ್ತದೆ. ಇಲ್ಲಿ ಅದರ ತಿರುವುಮುರುವು. ಕಟ್ಟುವ ಸಾಮಾನು ಕೋಶದೊಳಗಿಂದ ಹೊರಟು, ಎಳೆಯೊಳಗಿನ 2 ನ್ಯಾನೋಮೀಟರ್ ಟೊಳ್ಳಿನಲ್ಲೇ ಸಾಗಿ, ತುದಿಗೆ ಹೋಗಿ ಸೇರುತ್ತದೆ. ಮಡಚಿದ ಪ್ರೋಟೀನ್ ಆ ಕಿಂಡಿಯಲ್ಲಿ ಹೋಗುವುದಿಲ್ಲ. ಹಾಗಾಗಿ ಬಿಡಿಸಿದ ದಾರದ ಹಾಗೆ ಹೋಗುತ್ತದೆ. ತುದಿಯ ಫ್ಲಿ-ಡಿ ಟೋಪಿಯ ಅಡಿಯಲ್ಲಿ ಮಡಚಿಕೊಂಡು ತನ್ನ ಜಾಗದಲ್ಲಿ ಕೂರುತ್ತದೆ. ಎಳೆ ಬೆಳೆಯುವುದು ಕೂದಲಿನ ಹಾಗೆ ಬುಡದಲ್ಲಿ ಅಲ್ಲ, ತುದಿಯಲ್ಲಿ. ತುಂಡಾದರೆ ಮತ್ತೆ ಬೆಳೆಯುತ್ತದೆ.

ಸಾಮಾನು ತಳ್ಳುವ ಬಾಗಿಲು ಎಂಎಸ್ ಉಂಗುರದ ನಡುವೆ ಇದೆ: ಫ್ಲಹ್-ಎ, ಫ್ಲಹ್-ಬಿ, ಫ್ಲಿ-ಪಿ, ಫ್ಲಿ-ಕ್ಯೂ, ಫ್ಲಿ-ಆರ್. ಬಾಗಿಲ ಕೆಳಗೆ ಫ್ಲಿ-ಐ ಎಂಬ ಕಿಣ್ವ ಎಟಿಪಿ ಖರ್ಚು ಮಾಡುತ್ತದೆ. ಎಟಿಪಿ ಬರುವುದು ಇಲ್ಲಿ, ಕಟ್ಟುವ ಕೆಲಸದಲ್ಲಿ. ಇಲ್ಲೂ ಮುಖ್ಯ ತಳ್ಳು ಪ್ರೋಟಾನ್‌ಗಳದ್ದೇ.

ಸರದಿ ತಪ್ಪದ ಹಾಗೆ ನೋಡಿಕೊಳ್ಳುವ ಏರ್ಪಾಡೂ ಇದೆ. ಕೊಕ್ಕೆಯ ಉದ್ದವನ್ನು ಫ್ಲಿ-ಕೆ ಅಳೆಯುತ್ತದೆ. 55 ನ್ಯಾನೋಮೀಟರ್ ಆದ ಮೇಲೆ ಬಾಗಿಲಿಗೆ "ಇನ್ನು ಕೊಕ್ಕೆ ಸಾಕು, ಎಳೆಯ ಸಾಮಾನು ಬಿಡು" ಎಂಬ ಸೂಚನೆ ಹೋಗುತ್ತದೆ. ಆಗ ಮೊದಲು ಹೊರಗೆ ಹೋಗುವವರಲ್ಲಿ ಫ್ಲಗ್-ಎಂ ಒಂದು. ಅದು ಅಲ್ಲಿಯವರೆಗೆ ಫ್ಲಜೆಲ್ಲಿನ್ ಜೀನನ್ನು ಓದಿಸಬೇಕಾದ ಫ್ಲಿ-ಎಯನ್ನು ಕಟ್ಟಿಹಾಕಿ ಕೂತಿತ್ತು. ಕಾವಲುಗಾರನೇ ಹೊರಗೆ ಹೋದ ಮೇಲೆ ಫ್ಲಿ-ಎಗೆ ಬಿಡುಗಡೆ, ಫ್ಲಜೆಲ್ಲಿನ್ ತಯಾರಿ ಶುರು. ಕೊಕ್ಕೆ ಮುಗಿಯುವ ಮೊದಲು ಇಪ್ಪತ್ತು ಸಾವಿರ ಫ್ಲಜೆಲ್ಲಿನ್ ಮಾಡಿ ರಾಶಿ ಹಾಕುವ ದಂಡ ಖರ್ಚು ಇಲ್ಲ.

ಅಡಿಕೆಯ ಕೊಳೆರೋಗದ ಬೀಜಾಣುವಿಗೂ ಬಾಲ ಇದೆಯಂತೆ. ಇದೇ ಮೋಟರಾ?

ನೆರೆಮನೆಯ ಮಾವ ಮೈಲುತುತ್ತಿನ ಮದ್ದು ಬಿಡಿಸುವ ದಿನ ಕೇಳಿದ್ದು ಇದು. ಅಲ್ಲ ಮಾವ, ಅದು ಬೇರೆಯೇ. ಕೊಳೆರೋಗ ತರುವುದು ಫೈಟಾಫ್ತರ, ಬ್ಯಾಕ್ಟೀರಿಯಾ ಅಲ್ಲ. ಅದರ ಈಜುವ ಬೀಜಾಣುಗಳಿಗೆ ಎರಡು ಕಶಾಂಗ, ಮಳೆನೀರಿನ ಪಸೆಯಲ್ಲಿ ಈಜಿ ಕಾಯಿಗೆ ಮುಟ್ಟುತ್ತವೆ. ಆದರೆ ಆ ಕಶಾಂಗದ ಒಳಗೆ ಸಣ್ಣ ಕೊಳವೆಗಳ ಕಟ್ಟು ಇದೆ, ಉದ್ದಕ್ಕೂ ಡೈನೀನ್ ಎಂಬ ಪ್ರೋಟೀನ್ ಎಟಿಪಿ ಖರ್ಚು ಮಾಡಿ ಆ ಕೊಳವೆಗಳನ್ನು ಬಾಗಿಸುತ್ತದೆ. ಅದು ನಿಜವಾಗಿಯೂ ಬೀಸುತ್ತದೆ. ಚಾವಟಿ ಎಂಬ ಹೆಸರು ಅದಕ್ಕೆ ಸರಿ. ನಮ್ಮ ವೀರ್ಯಾಣುವಿನ ಬಾಲವೂ ಆ ಜಾತಿಯದ್ದೇ. ಹೆಸರು ಒಂದು, ಯಂತ್ರ ಎರಡು.

ಇಲಿಜ್ವರದ ಬ್ಯಾಕ್ಟೀರಿಯಾ?

ಅದಕ್ಕೆ ಈ ಮೋಟರೇ. ಆದರೆ ಜೋಡಣೆ ವಿಚಿತ್ರ. ಲೆಪ್ಟೊಸ್ಪೈರ ಸುರುಳಿ ಆಕಾರದ್ದು, ಎರಡು ತುದಿಗೂ ಒಂದೊಂದು ಕಶಾಂಗ, ಆದರೆ ಎಳೆ ಹೊರಗೆ ಬರುವುದೇ ಇಲ್ಲ. ಒಳಪೊರೆಗೂ ಹೊರಪೊರೆಗೂ ನಡುವೆ ಮೈಯೊಳಗೇ ಇರುತ್ತದೆ. ಮೋಟರ್ ತಿರುಗಿದರೆ ಇಡೀ ಮೈ ಸ್ಕ್ರೂವಿನ ಹಾಗೆ ತಿರುಗುತ್ತದೆ. ಹಾಗಾಗಿ ಅಂಟಂಟು ಜಾಗದಲ್ಲೂ ನುಗ್ಗಿಕೊಂಡು ಹೋಗುತ್ತದೆ. ಚಲನೆ ಕಳೆದುಕೊಂಡ ತಳಿಗಳು ಪ್ರಯೋಗದ ಪ್ರಾಣಿಗಳಲ್ಲಿ ರೋಗ ತರಲಾರದೆ ಹೋದದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಮಳೆಗಾಲದಲ್ಲಿ ಗದ್ದೆ, ತೋಡು, ತೋಟದ ಕಣಿಗಳಲ್ಲಿ ಇಲಿಯ ಮೂತ್ರ ಸೇರಿದ ನೀರು ಇರುತ್ತದೆ, ಕಾಲಿನ ಸಣ್ಣ ಗಾಯ ಸಾಕು ಅದಕ್ಕೆ ಒಳಬರಲು. ಕೆಸರಿನಲ್ಲಿ ಕೆಲಸ ಮಾಡುವವರಿಗೆ ಮುಂಜಾಗ್ರತೆಯಾಗಿ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ ಮೋಟರನ್ನು ಮುಟ್ಟುವುದಿಲ್ಲ, ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವುದನ್ನೇ ತಡೆಯುತ್ತದೆ. ಆರೋಗ್ಯ ಕೇಂದ್ರದಲ್ಲಿ ಕೇಳಿಯೇ ತೆಗೆದುಕೊಳ್ಳಿ. ಗಾಯ ಇದ್ದರೆ ಬೂಟ್ಸ್ ಹಾಕದೆ ಇಳಿಯಬೇಡಿ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಇದ್ದರೆ ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಹಾಗಾದರೆ ಮೋಟರ್ ನಿಲ್ಲಿಸಿದರೆ ಎಲ್ಲ ರೋಗವೂ ನಿಲ್ಲುತ್ತದಾ?

ಇಲ್ಲ. ರಕ್ತಭೇದಿ ತರುವ ಶಿಗೆಲ್ಲಕ್ಕೆ ಕಶಾಂಗವೇ ಇಲ್ಲ, ಆದರೂ ಅದು ಕಾಡುತ್ತದೆ. ಕಶಾಂಗ ಇರುವವಕ್ಕೆ ಅದರಿಂದ ಅಪಾಯವೂ ಇದೆ. ನಮ್ಮ ಮೈಯ ಟಿಎಲ್‌ಆರ್-5 ಎಂಬ ಗ್ರಾಹಕ ಫ್ಲಜೆಲ್ಲಿನ್‌ನ ಗುರುತು ಹಿಡಿದು ಕಾವಲಿನವರನ್ನು ಕರೆಯುತ್ತದೆ. ಗಿಡಗಳಲ್ಲೂ ಅಂಥ ಗ್ರಾಹಕ ಇದೆ.

ಎಲ್ಲ ಬ್ಯಾಕ್ಟೀರಿಯಾದಲ್ಲೂ ಒಂದೇ ನಮೂನೆಯಾ?

ತಿರುಳು ಒಂದೇ. ಹೊರಪೊರೆ ಇಲ್ಲದ ಬ್ಯಾಸಿಲಸ್‌ನಂಥವಕ್ಕೆ ಪಿ, ಎಲ್ ಉಂಗುರಗಳಿಲ್ಲ. ಕೋಳಿಯ ಕರುಳಿನ ಕ್ಯಾಂಪಿಲೋಬ್ಯಾಕ್ಟರ್‌ಗೆ ಉಂಗುರ ದೊಡ್ಡದು, ಸ್ಟೇಟರ್ ಘಟಕ 17. ಲೋಳೆಯಲ್ಲಿ ಈಜಲು ಅಷ್ಟು ಬಲ ಬೇಕು. ಆರ್ಕಿಯ ಎಂಬ ಬೇರೆ ಗುಂಪಿನ ಜೀವಿಗಳಲ್ಲೂ ತಿರುಗುವ ಎಳೆ ಇದೆ, ಅದು ಎಟಿಪಿಯಲ್ಲಿ ಓಡುತ್ತದೆ, ಪ್ರೋಟೀನುಗಳೂ ಬೇರೆ.

ಇಷ್ಟು ಜಟಿಲ ಯಂತ್ರ ತಾನಾಗಿ ಹೇಗೆ ಬಂತು? ಒಂದು ಭಾಗ ತೆಗೆದರೆ ಉಳಿದದ್ದು ದಂಡ ಅಲ್ವಾ?

ಈಜಲು ದಂಡ, ಹೌದು. ಆದರೆ ಬೇರೆ ಕೆಲಸಕ್ಕೆ ದಂಡವಲ್ಲ. ಪ್ರೋಟೀನ್ ತಳ್ಳುವ ಬಾಗಿಲಿನ ಸಂಬಂಧಿಯನ್ನು ಸಾಲ್ಮೊನೆಲ್ಲ ನಮ್ಮ ಕೋಶಕ್ಕೆ ವಿಷದ ಪ್ರೋಟೀನ್ ಚುಚ್ಚಲು ಬಳಸುತ್ತದೆ. ಮಾಟ್-ಎ, ಮಾಟ್-ಬಿಯ ಸಂಬಂಧಿಗಳಾದ ಎಕ್ಸ್‌ಬಿ-ಬಿ, ಎಕ್ಸ್‌ಬಿ-ಡಿಗಳು ಹೊರಪೊರೆಯ ಮೂಲಕ ಕಬ್ಬಿಣ ಎಳೆದುಕೊಳ್ಳುವ ಕೆಲಸಕ್ಕೆ ಶಕ್ತಿ ಕೊಡುತ್ತವೆ. ಫ್ಲಿ-ಐ ಎಟಿಪಿ ತಯಾರಿಸುವ ಕಿಣ್ವದ ಒಂದು ಭಾಗವನ್ನು ಹೋಲುತ್ತದೆ. ಸರಳು, ಕೊಕ್ಕೆ, ಬೆಸುಗೆಗಳ ಹಲವು ಪ್ರೋಟೀನುಗಳು ಒಂದನ್ನೊಂದು ಹೋಲುತ್ತವೆ, ಒಂದೇ ಜೀನು ಪ್ರತಿಯಾಗಿ ಬದಲಾದ ಗುರುತು ಅದು. ಬೇರೆ ಬೇರೆ ಕೆಲಸಕ್ಕಿದ್ದ ತುಂಡುಗಳು ಕಾಲಕಾಲಕ್ಕೆ ಜೊತೆ ಸೇರಿವೆ. ಈ ಪ್ರಶ್ನೆ ಕೇಳಿದ ಮಕ್ಕಳನ್ನು ಯಾರೂ ಗದರಿಸಬೇಡಿ, ಒಳ್ಳೆಯ ಪ್ರಶ್ನೆ ಇದು.

ಶಾಲೆಯ ಮೈಕ್ರೋಸ್ಕೋಪಿನಲ್ಲಿ ನೋಡಬಹುದಾ?

ಎಳೆ ಕಾಣುವುದಿಲ್ಲ, ಈಜುವುದು ಕಾಣುತ್ತದೆ. ಬೈಹುಲ್ಲನ್ನು ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಿ, ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಬೆಳಕು ಕಮ್ಮಿ ಮಾಡಿ 40ರ ಲೆನ್ಸಿನಲ್ಲಿ ನೋಡಿ. ನಿಂತಲ್ಲೇ ನಡುಗುವವು ಈಜುತ್ತಿಲ್ಲ, ಅವನ್ನು ನೀರಿನ ಅಣುಗಳು ತಳ್ಳುತ್ತಿವೆ. ಒಂದು ದಿಕ್ಕು ಹಿಡಿದು ಸರ್ರನೆ ಹೋಗಿ, ತಟಕ್ಕನೆ ತಿರುಗುವವೇ ನಿಜವಾದ ಈಜುಗಾರರು. ಎಳೆಯನ್ನೇ ನೋಡಬೇಕಾದರೆ ಟ್ಯಾನಿಕ್ ಆಮ್ಲ ಬಳಸಿ ಬಣ್ಣ ಹಿಡಿಸಿ ದಪ್ಪ ಮಾಡಬೇಕು. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಜಾತಿಯದ್ದೇ ಅದು.

ವಿಜ್ಞಾನ ಮೇಳಕ್ಕೆ ಒಂದು ಮಾದರಿ ಹೇಳಿಕೊಡಿ.

ಥರ್ಮೋಕೋಲಿನಲ್ಲಿ ಉಂಗುರ ಕೊರೆದು ಬಣ್ಣ ಬಳಿದದ್ದು ಎಲ್ಲರೂ ತರುತ್ತಾರೆ, ಅದು ತಿರುಗುವುದಿಲ್ಲ. ನೀವು ಒಂದು ಹಳೆಯ ಸೈಕಲ್ ಚಕ್ರ ತನ್ನಿ, ಟಯರ್ ಕಳಚಿ ರಿಮ್ಮನ್ನು ಅಡ್ಡ ಮಲಗಿಸಿ, ಸಲೀಸಾಗಿ ಸುತ್ತುವ ಹಾಗೆ ಆಕ್ಸಲನ್ನು ಒಂದು ಹಲಗೆಗೆ ನಿಲ್ಲಿಸಿ. ಇದು ಸಿ ಉಂಗುರ. ಆಟಿಕೆಯ ಬ್ಯಾಟರಿ ಮೋಟರಿಗೆ ಸಣ್ಣ ರಬ್ಬರ್ ಚಕ್ರ ಸಿಕ್ಕಿಸಿ, ಅದು ಯಾವಾಗಲೂ ಒಂದೇ ದಿಕ್ಕಿಗೆ ಸುತ್ತಲಿ. ಇದು ಮಾಟ್-ಎ. ಹಿಡಿದಿರುವ ನಿಮ್ಮ ಕೈ ಮಾಟ್-ಬಿ. ಮೊದಲು ರಬ್ಬರ್ ಚಕ್ರವನ್ನು ರಿಮ್ಮಿನ ಹೊರ ಅಂಚಿಗೆ ತಾಗಿಸಿ, ಯಾವ ದಿಕ್ಕಿಗೆ ಹೋಯಿತು ಅಂತ ಬರೆದುಕೊಳ್ಳಿ. ಆಮೇಲೆ ಕಡ್ಡಿಗಳಿಗೆ ಸಿಗದ ಹಾಗೆ ಜಾಗ್ರತೆಯಿಂದ ಒಳ ಅಂಚಿಗೆ ತಾಗಿಸಿ. ಬ್ಯಾಟರಿಯ ತಂತಿ ಅದಲುಬದಲು ಮಾಡುವುದು ಬೇಡ. ತೀರ್ಪುಗಾರರು ಬಂದಾಗ ವಿವರಣೆ ಆಮೇಲೆ ಕೊಡಿ, ಮೊದಲು ಅವರ ಕೈಗೇ ಮೋಟರ್ ಕೊಟ್ಟು ಎರಡು ಕಡೆಯೂ ತಾಗಿಸಲು ಹೇಳಿ.